ಜಡಕ್ಕೆ ಜೀವವಿತ್ತವರು: ದಾದಾಸಾಹೇಬ ಫಾಲ್ಕೆ

ರಾಜ್ಯೋತ್ಸವದ ಸಂಚಿಕೆಯಲ್ಲಿ ಕನ್ನಡಿಗರಲ್ಲದ ಮಹನೀಯರೊಬ್ಬರ ಚರಿತ್ರೆಯನ್ನು ಬರೆಯಹೊರಟಿದ್ದೇವೆ. ವಾಚಕರು ಇದನ್ನು ಅಪರಾಧವೆಂದು ಎಣಿಸಬಾರದು. ನಮಗೆ ಅನ್ನವಿಕ್ಕಿದ ಈ ನೆಲದಲ್ಲಿ, ನಾವು ದಿನವೂ ಓಡಾಡುವ ಈ ರೈಲುದಾರಿಯ ಬದಿಯಲ್ಲಿಯೇ, ನಮ್ಮ ಮಕ್ಕಳಿಗೆ ಪ್ರಾಣಪ್ರಿಯವಾದ ಒಂದು ವಿದ್ಯೆಯ ಬೀಜ ಬಿದ್ದಿತ್ತು. ಅದನ್ನು ಬಿತ್ತಿದವರ ಹೆಸರು ನಮಗೆಲ್ಲ ಗೊತ್ತು. ಅವರ ಬಾಳು ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಬರೆಯಲು ಪ್ರೇರಣೆಯಾದ ಸಂಗತಿ ತೀರ ಸಣ್ಣದು. ಕಳೆದ ಬೇಸಗೆಯ ರಜೆಯಲ್ಲಿ ಡೊಂಬಿವಲಿಯ ನಮ್ಮ ಕಟ್ಟಡದ ಮೂರು ನಾಲ್ಕು ಹುಡುಗರು ನಮ್ಮ ಮನೆಯ ನೆಲದ ಮೇಲೆ ಬೆಂಕಿಕಡ್ಡಿಗಳನ್ನು ಸಾಲಾಗಿ ಜೋಡಿಸಿ, ಮೊಬೈಲಿನಿಂದ ಒಂದೊಂದೇ ಚಿತ್ರ ಹಿಡಿಯುತ್ತ, ಪ್ರತಿ ಚಿತ್ರಕ್ಕೂ ಕಡ್ಡಿಗಳನ್ನು ಎಳ್ಳಷ್ಟೆಳ್ಳಷ್ಟೇ ಸರಿಸುತ್ತ ಒಂದು ಮಧ್ಯಾಹ್ನವನ್ನೆಲ್ಲ ಕಳೆದರು. ಆ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದರೆ ಕಡ್ಡಿಗಳು ತಾವಾಗಿ ನಡೆದಂತೆ ಕಾಣುತ್ತದೆ. ಸಂಜೆ ನಮ್ಮನ್ನೆಲ್ಲ ಕೂರಿಸಿ ತೋರಿಸಿದರು. ಹತ್ತು ಕಡ್ಡಿಗಳು ಸಿಪಾಯಿಗಳಂತೆ ಸಾಲಾಗಿ ನಡೆದವು. ಚೆನ್ನಾಗಿದೆ ಎಂದೆವು, ಅಷ್ಟೆ. ಆದರೆ ಕೊನೆಯ ಕಡ್ಡಿಯನ್ನು ಸರಿಸುವುದನ್ನು ಹುಡುಗನೊಬ್ಬ ನಡುವೆ ಹಲವು ಸಲ ಮರೆತಿದ್ದ. ಅದು ಇದ್ದಲ್ಲಿಯೇ ನಿಂತುಬಿಟ್ಟಿತು. ಉಳಿದವು ಮುಂದೆ ಹೋದವು. ತಪ್ಪು ತಿಳಿದ ಮೇಲೆ ಅವನು ಅದನ್ನು ದೊಡ್ಡ ದೊಡ್ಡ ಹೆಜ್ಜೆಯಲ್ಲಿ ಸರಿಸಿದ್ದರಿಂದ ಅದು ಓಡೋಡಿ ಬಂದು ಸಾಲನ್ನು ಸೇರಿಕೊಂಡಿತು. ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅಜ್ಜಿ, ಆ ಕಡ್ಡಿ ಹಿಂದುಳಿದಾಗ ಅಯ್ಯೋ ಪಾಪ ಎಂದು ಮರುಗಿದರು. ಅದು ಸಾಲಿಗೆ ಸೇರಿದಾಗ ಸಮಾಧಾನದ ಉಸಿರು ಬಿಟ್ಟರು.

ಕಣ್ಣಿಲ್ಲ, ಬಾಯಿಲ್ಲ, ಹೆಸರಿಲ್ಲದ ಒಂದು ಕಡ್ಡಿಯ ಮೇಲೆ ಅಜ್ಜಿಗೆ ಕರುಣೆ ಹುಟ್ಟಿದ್ದು ಹೇಗೆ? ತಪ್ಪಿಲ್ಲದೆ ನಡೆದ ಒಂಬತ್ತು ಕಡ್ಡಿಗಳ ಮೇಲೆ ಅದು ಯಾಕೆ ಹುಟ್ಟಲಿಲ್ಲ? ಈ ಪ್ರಶ್ನೆ ನಮ್ಮ ತಲೆಯಲ್ಲಿ ಕುಳಿತಿತು. ಬೆಂಕಿಕಡ್ಡಿಗಳನ್ನು ಹೀಗೆಯೇ ನಡೆಸಿ, ಒಂದು ಶತಮಾನಕ್ಕೂ ಹಿಂದೆ, 1915ರಲ್ಲಿ ಚಿತ್ರವೊಂದನ್ನು ತೆಗೆದವರು ದಾದಾಸಾಹೇಬ ಫಾಲ್ಕೆಯವರು ಎಂಬುದು ನೆನಪಾಯಿತು. ಅವರ ಜೀವನದತ್ತ ತಿರುಗಿ ನೋಡಿದೆವು. ಉತ್ತರವೂ ಅಲ್ಲಿಯೇ ಸಿಕ್ಕಿತು.

ಧುಂಡಿರಾಜ ಗೋವಿಂದ ಫಾಲ್ಕೆಯವರು ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಶಿಕದ ಹತ್ತಿರದ ತ್ರ್ಯಂಬಕೇಶ್ವರದಲ್ಲಿ. ತಂದೆ ಸಂಸ್ಕೃತ ವಿದ್ವಾಂಸರು. ಪುರಾಣ, ಕಾವ್ಯ, ಪೂಜೆಗಳ ನಡುವೆ ಬೆಳೆದ ಹುಡುಗನಿಗೆ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಚಿತ್ರ ಬರೆಯುವ ಹುಚ್ಚು. 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು, ಆಮೇಲೆ ಬಡೋದೆಯ ಕಲಾಭವನದಲ್ಲಿ ಚಿತ್ರಕಲೆ, ಮೂರ್ತಿಶಿಲ್ಪ, ಛಾಯಾಗ್ರಹಣಗಳನ್ನು ಅಭ್ಯಾಸ ಮಾಡಿದರು. ಗೋಧ್ರಾದಲ್ಲಿ ಛಾಯಾಚಿತ್ರದ ಅಂಗಡಿ ಹಾಕಿಕೊಂಡು ಸಂಸಾರ ಹೂಡಿದರು. ಅಷ್ಟರಲ್ಲಿ ಪ್ಲೇಗಿನ ಮಾರಿ ಬಂದು ಹೆಂಡತಿಯನ್ನೂ ಮಗುವನ್ನೂ ಕೊಂಡೊಯ್ಯಿತು. ಅಂಗಡಿಯ ಬಾಗಿಲು ಮುಚ್ಚಿ ಊರು ಬಿಟ್ಟರು.

ನಡುವೆ ಜಾದುವಿದ್ಯೆಯನ್ನೂ ಕಲಿತರು. ತಮ್ಮ ಹೆಸರನ್ನು ತಿರುವುಮುರುವು ಮಾಡಿ ಪ್ರೊಫೆಸರ್ ಕೆಲ್ಫಾ ಎಂದು ಕರೆದುಕೊಂಡು ಪ್ರಯೋಗಗಳನ್ನು ತೋರಿಸುತ್ತಿದ್ದರು. 1902ರಲ್ಲಿ ಎರಡನೆಯ ವಿವಾಹವಾಯಿತು. ಮನೆಗೆ ಬಂದ ಗಿರಿಜಾಬಾಯಿಯವರಿಗೆ ಸರಸ್ವತೀಬಾಯಿ ಎಂದು ಹೆಸರಿಟ್ಟರು. ಈ ತಾಯಿಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯಲ್ಲಿ ಅರ್ಧ ಪಾಲು ಅವರದು.

ಪ್ರಾಚ್ಯವಸ್ತು ಇಲಾಖೆಯಲ್ಲಿ ಕೆಲಕಾಲ ನೌಕರಿ ಮಾಡಿದ ಫಾಲ್ಕೆಯವರು ಅದನ್ನು ಬಿಟ್ಟು ಲೋಣಾವಳೆಯಲ್ಲಿ ಮುದ್ರಣದ ಕೆಲಸಕ್ಕೆ ತೊಡಗಿದರು. ರಾಜಾ ರವಿವರ್ಮರ ಹೆಸರಿನ ಮುದ್ರಣಾಲಯಕ್ಕಾಗಿಯೂ ಕೆಲಸ ಮಾಡಿದರು. ನಮ್ಮ ಅಜ್ಜಂದಿರ ಕಾಲದಲ್ಲಿ ಧಾರವಾಡ, ಮಂಗಳೂರು, ಮೈಸೂರು ಎನ್ನದೆ ಮನೆಮನೆಯ ಗೋಡೆಯ ಮೇಲೆ ತೂಗುತ್ತಿದ್ದ ಕಮಲದ ಮೇಲಿನ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿಯರು ಆ ಮುದ್ರಣಾಲಯದಿಂದ ಬಂದವರೇ. ಗುಡಿಯ ದೇವರು ಕಾಗದದ ಮೇಲೆ ಮನೆಯೊಳಗೆ ಬಂದ ಕಾಲ ಅದು. ಆದರೆ ಆ ದೇವತೆಗಳು ಅಲ್ಲಾಡುತ್ತಿರಲಿಲ್ಲ. ಬಣ್ಣದ ಅಚ್ಚಿನ ಯಂತ್ರಗಳಿಗಾಗಿ 1909ರಲ್ಲಿ ಜರ್ಮನಿಗೂ ಹೋಗಿಬಂದ ಫಾಲ್ಕೆಯವರು ಪಾಲುದಾರರೊಡನೆ ಮನಸ್ತಾಪವಾಗಿ ಆ ಉದ್ಯಮದಿಂದಲೂ ಹೊರಬಿದ್ದರು. ವಯಸ್ಸು ನಲವತ್ತಾಗಿತ್ತು. ಕೈಯಲ್ಲಿ ನಾಲ್ಕಾರು ವಿದ್ಯೆಗಳಿದ್ದವು. ಒಂದರಲ್ಲಿಯೂ ಅನ್ನ ನೆಲೆಯಾಗಿರಲಿಲ್ಲ.

ಆ ಹೊತ್ತಿನಲ್ಲಿ, 1910–11ರ ಸುಮಾರಿಗೆ, ಮುಂಬಯಿಯ ಚಿತ್ರಮಂದಿರವೊಂದರಲ್ಲಿ ಏಸುಕ್ರಿಸ್ತನ ಜೀವನದ ಚಿತ್ರವನ್ನು ಕಂಡರು. ಕಣ್ಣೆದುರಿಗೆ ಕ್ರಿಸ್ತನು ನಡೆಯುತ್ತಿದ್ದರೆ, ಅವರ ಮನಸ್ಸಿನೊಳಗೆ ಗೋಕುಲದ ಕೃಷ್ಣನೂ ಅಯೋಧ್ಯೆಯ ರಾಮನೂ ನಡೆಯತೊಡಗಿದರು. ಅಂದಿನಿಂದ ಅನ್ಯ ಚಿಂತೆಯೇ ಇಲ್ಲ. ದಿನವೂ ಗಂಟೆಗಟ್ಟಲೆ ಚಿತ್ರಗಳನ್ನು ನೋಡಿ ನೋಡಿ ಕಣ್ಣು ಕೆಟ್ಟಿತು. ಕೆಲಕಾಲ ದೃಷ್ಟಿಯೇ ಮಂಕಾಯಿತು. ವೈದ್ಯರ ಆರೈಕೆಯಿಂದ ಬೆಳಕು ಮರಳಿ ಬಂದಿತು. ವಿಮೆಯ ಪತ್ರಗಳನ್ನು ಒತ್ತೆಯಿಟ್ಟು, 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹೊರಟರು. ಅಲ್ಲಿ ಚಿತ್ರೋದ್ಯಮಿ ಸೆಸಿಲ್ ಹೆಪ್‌ವರ್ತ್ ಅವರಲ್ಲಿ ಕೆಲಸದ ಮರ್ಮವನ್ನು ನೋಡಿ ತಿಳಿದು, ವಿಲಿಯಂಸನ್ ಕ್ಯಾಮರಾವೊಂದನ್ನು ಕೊಳ್ಳುವ ಏರ್ಪಾಡು ಮಾಡಿಕೊಂಡು ಏಪ್ರಿಲ್ ಹೊತ್ತಿಗೆ ಹಿಂದಿರುಗಿದರು.

ಈಗ ಬೇಕಾದದ್ದು ಹಣ. ಕಾಣದ ವಿದ್ಯೆಗೆ ಹಣ ಕೊಡುವವರು ಯಾರು? ಆಗ ಫಾಲ್ಕೆಯವರು ಮಾಡಿದ ಕೆಲಸ ನಮ್ಮ ಪಾಲಿಗೆ ಅವರ ಇಡೀ ಜೀವನದ ಕೀಲಿಕೈಯಂತಿದೆ. ದಾದರದ ತಮ್ಮ ಮನೆಯಲ್ಲಿ ಒಂದು ಕುಂಡದಲ್ಲಿ ಬಟಾಣಿಯ ಕಾಳನ್ನು ಬಿತ್ತಿದರು. ಅದರ ಎದುರಿಗೆ ಕ್ಯಾಮರಾ ನಿಲ್ಲಿಸಿದರು. ತಿಂಗಳಿಗೂ ಮಿಕ್ಕಿ ಬಿಡಿಬಿಡಿಯಾಗಿ ಅದರ ಚಿತ್ರ ಹಿಡಿದರು. ಆ ತಿಂಗಳ ದುಡಿಮೆ ತೆರೆಯ ಮೇಲೆ ಒಂದು ನಿಮಿಷದಷ್ಟಾಯಿತು. ಆ ಒಂದು ನಿಮಿಷದಲ್ಲಿ ಕಾಳು ಬಿರಿದು, ಮೊಳಕೆ ತಲೆಯೆತ್ತಿ, ಎಲೆ ಬಿಚ್ಚಿ, ಬಳ್ಳಿಯಾಗಿ ಮೇಲೇರಿತು. ಅದನ್ನು ನೋಡಿದವರು ಹಣ ಕೊಡಲು ಒಪ್ಪಿದರು. ಸಾಲದುದಕ್ಕೆ ಸರಸ್ವತೀಬಾಯಿಯವರ ಒಡವೆಗಳೂ ಬಂದವು.

ಬಟಾಣಿಯ ಗಿಡ ಬೆಳೆಯುವುದನ್ನು ಯಾರು ಕಂಡಿಲ್ಲ? ಅದು ಬೆಳೆಯುತ್ತದೆ ಎಂದು ಎಲ್ಲರೂ ಬಲ್ಲರು. ಆದರೆ ಅದು ಮೇಲೇಳಲು ಪಡುವ ಪಾಡು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದರ ಕಾಲವೇ ಬೇರೆ, ನಮ್ಮ ಕಾಲವೇ ಬೇರೆ. ಫಾಲ್ಕೆಯವರು ಗಿಡದ ಕಾಲವನ್ನು ಮನುಷ್ಯರ ಕಾಲಕ್ಕೆ ತಂದುಕೊಟ್ಟರು. ಆಗ ಮೊಳಕೆಯು ತಡಕಾಡುವಂತೆ, ಬೆಳಕಿಗೆ ಹಂಬಲಿಸುವಂತೆ ತೋರುತ್ತದೆ. ನೋಡುವವನಿಗೆ ಅರಿವಿಲ್ಲದೆಯೇ ಮನಸ್ಸು ಅದರ ಕಡೆಗೆ ವಾಲುತ್ತದೆ. ಯಾವುದಕ್ಕೆ ಏನೋ ಬೇಕಾಗಿದೆಯೋ, ಯಾವುದು ಅದಕ್ಕಾಗಿ ಕಷ್ಟಪಡುತ್ತಿದೆಯೋ ಅದು ಜೀವಂತವಾಗಿದೆ ಎಂದು ನಮ್ಮ ಹೃದಯ ಒಪ್ಪಿಕೊಂಡುಬಿಡುತ್ತದೆ. ಅಜ್ಜಿಯ ಬೆಂಕಿಕಡ್ಡಿಯ ಗುಟ್ಟೂ ಇದೇ. ಒಂಬತ್ತು ಕಡ್ಡಿಗಳು ನಡೆದವು, ಅಷ್ಟೆ; ಹತ್ತನೆಯದಕ್ಕೆ ಮಾತ್ರ ಸಾಲನ್ನು ಸೇರುವ ಆಸೆಯಿದ್ದಂತೆ ಕಂಡಿತು.

ಹಣ ದೊರೆತ ಮೇಲೆ ರಾಜಾ ಹರಿಶ್ಚಂದ್ರ ಚಿತ್ರದ ಕೆಲಸ ಮೊದಲಾಯಿತು. ಸ್ತ್ರೀಪಾತ್ರಕ್ಕೆ ಹೆಂಗಸರು ಯಾರೂ ಒಪ್ಪಲಿಲ್ಲ. ಕೊನೆಗೆ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಯುವಕನನ್ನು ತಾರಾಮತಿಯಾಗಿ ಮಾಡಿದರು. ರೋಹಿತಾಶ್ವನಾದವನು ಫಾಲ್ಕೆಯವರ ಮಗ ಭಾಲಚಂದ್ರನೇ. ಸರಸ್ವತೀಬಾಯಿಯವರು ಇಡೀ ಮಂಡಳಿಗೆ ಅಡುಗೆ ಮಾಡಿ ಬಡಿಸಿ, ರಾತ್ರಿ ಕತ್ತಲೆಕೋಣೆಯಲ್ಲಿ ಫಿಲ್ಮಿಗೆ ರಂಧ್ರ ಹೊಡೆಯುವುದು, ಅದನ್ನು ತೊಳೆಯುವ ರಸಾಯನಗಳನ್ನು ಬೆರೆಸುವುದು ಮೊದಲಾದ ಕೆಲಸಗಳಿಗೂ ನಿಲ್ಲುತ್ತಿದ್ದರು.

ಈ ಚಿತ್ರಕ್ಕೂ ನಮ್ಮ ಠಾಣೆ ಜಿಲ್ಲೆಗೂ ಒಂದು ನಂಟುಂಟು. ಕಲ್ಯಾಣದಿಂದ ಕರ್ಜತದ ಕಡೆಗೆ ಹೋಗುವಾಗ ಬದಲಾಪುರ ದಾಟಿದ ಮೇಲೆ ವಾಂಗಣಿ ಎಂಬ ನಿಲ್ದಾಣ ಬರುತ್ತದೆ. ಹೊರಾಂಗಣದ ಚಿತ್ರೀಕರಣಕ್ಕೆಂದು ಫಾಲ್ಕೆಯವರು ತಮ್ಮ ಮಂಡಳಿಯನ್ನು ಆ ಹಳ್ಳಿಗೆ ಮುಂದಾಗಿ ಕಳಿಸಿದ್ದರು. ವೇಷ ಧರಿಸಿ, ಕತ್ತಿ ಗುರಾಣಿ ಹಿಡಿದು ತಿರುಗುತ್ತಿದ್ದವರನ್ನು ಕಂಡು ಹಳ್ಳಿಯವರು ದರೋಡೆಕೋರರೆಂದು ಬೆದರಿ ಪಾಟೀಲರಿಗೆ ದೂರು ಕೊಟ್ಟರು. ಫೌಜದಾರರು ಬಂದು ಎಲ್ಲರನ್ನೂ ಹಿಡಿದು ಕೂರಿಸಿದರು. ಆಮೇಲೆ ಬಂದ ಫಾಲ್ಕೆಯವರು ಎಷ್ಟು ಹೇಳಿದರೂ ಅಧಿಕಾರಿಗೆ ನಂಬಿಕೆ ಹುಟ್ಟಲಿಲ್ಲ. ಸಿನಿಮಾ ಎಂಬುದನ್ನು ಅವರು ಕಂಡಿದ್ದರೆ ತಾನೆ! ಕೊನೆಗೆ ಫಾಲ್ಕೆಯವರು ಕ್ಯಾಮರಾ ಹೂಡಿ, ಒಳಗೆ ಫಿಲ್ಮಿಲ್ಲದೆಯೇ ಹಿಡಿ ತಿರುಗಿಸುತ್ತ, ನಟರಿಂದ ಒಂದು ಸನ್ನಿವೇಶವನ್ನು ಆಡಿಸಿ ತೋರಿಸಿದರು. ಫೌಜದಾರರು ನಕ್ಕು ಬಿಟ್ಟುಬಿಟ್ಟರು. ವಿವರಿಸಿ ಹೇಳಿದಾಗ ಒಪ್ಪದ ಮನಸ್ಸು ಆಡಿ ತೋರಿಸಿದಾಗ ಒಪ್ಪಿತು. ಆ ದಾರಿಯಲ್ಲಿ ಲೋಕಲ್ ಗಾಡಿಯಲ್ಲಿ ಹೋಗುವವರು ವಾಂಗಣಿ ಬಂದಾಗ ಒಮ್ಮೆ ಕಿಟಕಿಯಿಂದ ಹೊರಗೆ ನೋಡಬೇಕು.

1913ರ ಮೇ 3ರಂದು ಗಿರಗಾಂವಿನ ಕಾರೊನೇಶನ್ ಚಿತ್ರಮಂದಿರದಲ್ಲಿ ರಾಜಾ ಹರಿಶ್ಚಂದ್ರ ತೆರೆ ಕಂಡಿತು. ಮಾತಿಲ್ಲದ ಚಿತ್ರ. ಆದರೂ ಸತ್ಯಕ್ಕಾಗಿ ಹೆಂಡತಿ ಮಕ್ಕಳನ್ನು ಮಾರಿಕೊಂಡವನ ಕಥೆಯನ್ನು ಯಾರಿಗೆ ಬಿಡಿಸಿ ಹೇಳಬೇಕು? ಪ್ರೇಕ್ಷಕರು ಆ ಕಥೆಯನ್ನು ಮನೆಯಿಂದಲೇ ಹೊತ್ತು ತಂದಿದ್ದರು. ತೆರೆಯ ಮೇಲಿನ ನೆರಳಿಗೆ ಅವರು ತಮ್ಮ ಹೃದಯದಿಂದ ಮಾತನ್ನು ಕೊಟ್ಟರು. ಪಾತ್ರವು ಅರ್ಧ ದಾರಿ ಬರುತ್ತದೆ. ಉಳಿದರ್ಧ ದಾರಿಯನ್ನು ನೋಡುವವನು ನಡೆಯಬೇಕು. ಮನೆಯಲ್ಲಿ ಕಥೆ ಕೇಳಿ ಬೆಳೆದವನಿಗೆ ಆ ನಡಿಗೆ ಸುಲಭ.

ಅದೇ ವರ್ಷ ಫಾಲ್ಕೆಯವರು ನಾಶಿಕಕ್ಕೆ ನೆಲೆ ಬದಲಿಸಿದರು. 1914ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ತಮ್ಮ ಚಿತ್ರಗಳನ್ನು ತೋರಿಸಿದರು. ಅಲ್ಲಿಯೇ ನಿಂತು ಚಿತ್ರ ತೆಗೆಯಲು ಕರೆ ಬಂದರೂ ಒಪ್ಪದೆ ಮರಳಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಹಣ ಕೊಡುವವರು ಕೈ ಹಿಂದೆಗೆದರು. ದೊಡ್ಡ ಚಿತ್ರಗಳಿಗೆ ಅನುಕೂಲವಿಲ್ಲದ ಆ ದಿನಗಳಲ್ಲಿ ಅವರು ಸಣ್ಣ ಸಣ್ಣ ಚಿತ್ರಗಳಿಗೆ ಕೈ ಹಾಕಿದರು. 1915ರ ಆಗಕಾಡ್ಯಾಂಚೀ ಮೌಜ್, ಎಂದರೆ ಬೆಂಕಿಕಡ್ಡಿಗಳ ಮೋಜು, ಹಾಗೆ ಹುಟ್ಟಿದ್ದು. ಆ ಚಿತ್ರ ಇಂದು ನೋಡಲು ಸಿಗುವುದಿಲ್ಲ. ಆದರೆ ಭಾರತದಲ್ಲಿ ಜಡವಸ್ತುವನ್ನು ಬಿಡಿಬಿಡಿ ಚಿತ್ರಗಳಿಂದ ನಡೆಸುವ ವಿದ್ಯೆಯ ಚರಿತ್ರೆಯನ್ನು ಅಲ್ಲಿಂದಲೇ ಹೇಳುವುದು ವಾಡಿಕೆ. ನಟರಿಗೆ ಸಂಬಳ ಕೊಡಲು ಗತಿಯಿಲ್ಲದಾಗ ಬೆಂಕಿಪೊಟ್ಟಣವನ್ನೇ ನಾಟಕ ಮಂಡಳಿಯನ್ನಾಗಿ ಮಾಡಿಕೊಂಡ ಧೀರರನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಅದೇ ಕಾಲದಲ್ಲಿ ಸಮುದ್ರದಾಚೆಗೂ ಇದೇ ಅನ್ವೇಷಣೆ ನಡೆದಿತ್ತು. ಅಮೆರಿಕದಲ್ಲಿ ವಿನ್ಸರ್ ಮೆಕೇ ಎಂಬ ಚಿತ್ರಕಾರರು 1914ರಲ್ಲಿ ಸಾವಿರಾರು ಚಿತ್ರಗಳನ್ನು ಕೈಯಿಂದ ಬರೆದು ಗರ್ಟಿ ಎಂಬ ದೈತ್ಯ ಪ್ರಾಣಿಯನ್ನು ತೆರೆಗೆ ತಂದರು. ಬೆಟ್ಟದಂಥ ಆ ಪ್ರಾಣಿ ಗದರಿಸಿದೊಡನೆ ಮಗುವಿನಂತೆ ಅಳುತ್ತದೆ. ಜನ ಅದನ್ನು ಪ್ರೀತಿಸಿದ್ದು ಅದರ ಗಾತ್ರಕ್ಕಲ್ಲ, ಆ ಅಳುವಿಗೆ. ಮುಂದೆ ವಾಲ್ಟ್ ಡಿಸ್ನಿಯವರು 1933ರಲ್ಲಿ ಮೂರು ಹಂದಿಮರಿಗಳ ಚಿತ್ರ ತೆಗೆದಾಗ ಮೂರಕ್ಕೂ ರೂಪ ಹೆಚ್ಚುಕಡಿಮೆ ಒಂದೇ ಕೊಟ್ಟರು. ಆದರೆ ಒಂದರ ನಡೆಯಲ್ಲಿ ಜಾಗರೂಕತೆ, ಉಳಿದೆರಡರ ನಡೆಯಲ್ಲಿ ಉಡಾಫೆ. ಅವರ ಶಾಲೆಯ ಚಿತ್ರಕಾರರಿಗೆ ಅರ್ಧ ತುಂಬಿದ ಹಿಟ್ಟಿನ ಚೀಲವನ್ನು ಬರೆದು, ಅದರ ಬಾಗು ಬಳುಕುಗಳಿಂದಲೇ ಸಂತೋಷವನ್ನೂ ದುಃಖವನ್ನೂ ತೋರಿಸುವ ಅಭ್ಯಾಸವಿರುತ್ತಿತ್ತು. 1937ರಲ್ಲಿ ಬಂದ ಸ್ನೋ ವೈಟ್ ಚಿತ್ರದಲ್ಲಿ ಸತ್ತಳೆಂದುಕೊಂಡ ಹುಡುಗಿಯ ಸುತ್ತ ಕುಬ್ಜರು ಅಳುವುದನ್ನು ಕಂಡು ಪ್ರೇಕ್ಷಕರೂ ಅತ್ತರು. ಬಣ್ಣದ ಗೆರೆಗಳಿಗಾಗಿ ದೊಡ್ಡವರು ಕಣ್ಣೀರಿಟ್ಟರು!

ಆ ಪರಂಪರೆಯ ಒಂದು ಎಳೆ ಮುಂಬಯಿಗೂ ಬಂದಿದೆ. ಡಿಸ್ನಿಯವರಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಇಲ್ಲಿಯ ಫಿಲ್ಮ್ಸ್ ಡಿವಿಜನ್ನಿಗೆ ಬಂದು ನಮ್ಮ ದೇಶದ ಚಿತ್ರಕಾರರಿಗೆ ಶಿಕ್ಷಣವಿತ್ತರು. ಆಗ ಅವರೆಲ್ಲ ಸೇರಿ ತಯಾರಿಸಿದ ಚಿತ್ರಕ್ಕೆ ವಸ್ತುವಾದದ್ದು ಬುದ್ಧನ ಜಾತಕ ಕಥೆಯ ಜಿಂಕೆ.

ಫಾಲ್ಕೆಯವರ ಕಥೆಗೆ ಮರಳೋಣ. 1917ರ ಲಂಕಾದಹನದಲ್ಲಿ ಸಾಳುಂಕೆಯವರೊಬ್ಬರೇ ರಾಮನೂ ಆದರು, ಸೀತೆಯೂ ಆದರು. ಚಿತ್ರ ತಯಾರಾಗುವ ಬಗೆಯನ್ನು ತೋರಿಸುವ ಚಿತ್ರವೊಂದನ್ನು ಕೂಡ ಆ ಕಾಲದಲ್ಲಿ ಫಾಲ್ಕೆಯವರು ತೆಗೆದರು. ಜಾದುಗಾರನಾದವನು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುವುದುಂಟೆ? ಫಾಲ್ಕೆಯವರು ಬಿಟ್ಟುಕೊಟ್ಟರು. ಗುಟ್ಟು ತಿಳಿದರೂ ಭಾವ ಕೆಡುವುದಿಲ್ಲ ಎಂಬ ಧೈರ್ಯ ಅವರಿಗಿತ್ತೆಂದು ತೋರುತ್ತದೆ.

1919ರ ಕಾಳೀಯಮರ್ದನದಲ್ಲಿ ಆ ಧೈರ್ಯದ ಪರಾಕಾಷ್ಠೆಯನ್ನು ಕಾಣುತ್ತೇವೆ. ಬಾಲಕೃಷ್ಣನಾಗಿ ನಟಿಸಿದವಳು ಅವರ ಪುಟ್ಟ ಮಗಳು ಮಂದಾಕಿನಿ. ಚಿತ್ರದ ಮೊದಲಿಗೆ ಫಾಲ್ಕೆಯವರು ಮಗಳ ಮುಖವನ್ನೇ ಹತ್ತಿರದಿಂದ ತೋರಿಸುತ್ತಾರೆ. ನಗು, ಸಿಟ್ಟು, ಅಳು ಎಂದು ಒಂದೊಂದೇ ಭಾವ ಆ ಮುಖದ ಮೇಲೆ ಸುಳಿಯುತ್ತದೆ. ನೋಡುತ್ತಿರುವಂತೆಯೇ ಆ ಹುಡುಗಿ ಕೃಷ್ಣನಾಗುತ್ತಾಳೆ. ಇವಳು ನಮ್ಮ ನಿಮ್ಮಂಥವರ ಮನೆಯ ಮಗು ಎಂದು ಮೊದಲೇ ಹೇಳಿ, ಆಮೇಲೆ ಅವಳನ್ನು ದೇವರನ್ನಾಗಿ ಮಾಡಿದರು. ಮಡುವಿನಲ್ಲಿ ಸರ್ಪದೊಡನೆ ಕೃಷ್ಣನು ಸೆಣಸುತ್ತಿರುವಾಗ ದಂಡೆಯ ಮೇಲೆ ಕಂಗೆಟ್ಟು ನಿಂತ ಗೋಕುಲದವರನ್ನು ನಡುನಡುವೆ ತೋರಿಸುತ್ತಾರೆ. ಸರ್ಪ ಬೊಂಬೆಯೆಂದು ನಮಗೆ ಗೊತ್ತು. ಆದರೆ ತಾಯಿಯ ಭಯ ಬೊಂಬೆಯಲ್ಲ. ಅವಳ ಕಣ್ಣಿನಿಂದ ನೋಡಿದಾಗ ಬೊಂಬೆಯೂ ಸರ್ಪವಾಗುತ್ತದೆ.

ಇಷ್ಟೆಲ್ಲ ಮಾಡಿದವರ ಕೊನೆಗಾಲ ಸುಖದ್ದಾಗಲಿಲ್ಲ. 1918ರಲ್ಲಿ ಪಾಲುದಾರರೊಡನೆ ಕಟ್ಟಿದ ಹಿಂದುಸ್ತಾನ ಸಿನಿಮಾ ಫಿಲ್ಮ್ಸ್ ಕಂಪನಿಯಲ್ಲಿ ಮನಸ್ಸು ಕೂಡದೆ ಅದನ್ನು ಬಿಟ್ಟು ಕಾಶಿಗೆ ಹೋದರು. ಅಲ್ಲಿ ನಾಟಕ ಬರೆದರು. ಮತ್ತೆ ಮರಳಿ ಬಂದರು. ಅಷ್ಟರಲ್ಲಿ ಚಿತ್ರಕ್ಕೆ ಮಾತು ಬಂದಿತು. 1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ ಕೊಲ್ಹಾಪುರದಲ್ಲಿ ತಯಾರಾಗಿ ಬೆಂಗಳೂರಿಗೆ ಬಂದಿತು. ಅದೇ ಕೊಲ್ಹಾಪುರದಲ್ಲಿ ಫಾಲ್ಕೆಯವರು ತಮ್ಮ ಮೊದಲ ಮತ್ತು ಕೊನೆಯ ಮಾತಿನ ಚಿತ್ರವಾದ ಗಂಗಾವತರಣವನ್ನು 1937ರಲ್ಲಿ ಮುಗಿಸಿದರು. ಆಮೇಲೆ ಅವರನ್ನು ಕೇಳುವವರು ಕಡಿಮೆಯಾದರು. 1944ರ ಫೆಬ್ರವರಿ 16ರಂದು ನಾಶಿಕದಲ್ಲಿ ಕಣ್ಣು ಮುಚ್ಚಿದರು. ಕಾಳಿಗೂ ಕಡ್ಡಿಗೂ ಜೀವ ಕೊಟ್ಟವರನ್ನು ಜೀವಂತರಿದ್ದಾಗಲೇ ಲೋಕ ಮರೆತಿತ್ತು.

ಸರಕಾರ 1969ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. ನಮ್ಮ ಡಾ. ರಾಜಕುಮಾರರಿಗೆ ಅದು 1995ನೆಯ ಸಾಲಿಗೆ ಸಂದಿತು. ಮೈಸೂರಿನಲ್ಲಿ ಹುಟ್ಟಿ, ನಮ್ಮಂತೆಯೇ ಮುಂಬಯಿಗೆ ಬಂದು, ಗುರುದತ್ತರ ಚಿತ್ರಗಳಿಗೆ ನೆರಳು ಬೆಳಕಿನ ಸೊಬಗನ್ನಿತ್ತ ವಿ. ಕೆ. ಮೂರ್ತಿಯವರಿಗೆ 2008ನೆಯ ಸಾಲಿಗೆ ಸಂದಿತು. ಪ್ರಶಸ್ತಿಯಿಂದ ಹೆಸರು ಉಳಿಯುತ್ತದೆ. ಅವರ ವಿದ್ಯೆ ಉಳಿಯುವುದು ಮನೆಗಳಲ್ಲಿ.

ಈಗ ನಮ್ಮ ಮನೆಗಳ ಮಾತು. ಠಾಣೆ, ಕಲ್ಯಾಣ, ನವಿ ಮುಂಬಯಿಯ ನಮ್ಮ ಮಕ್ಕಳು ಶಾಲೆಯಿಂದ ಬಂದೊಡನೆ ಕಾರ್ಟೂನಿನ ಮುಂದೆ ಕೂರುತ್ತಾರೆ. ಆ ಪಾತ್ರಗಳು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಮಾತನಾಡುತ್ತವೆ. ಮಕ್ಕಳು ಅವುಗಳೊಡನೆ ನಗುತ್ತಾರೆ, ಅಳುತ್ತಾರೆ. ಅವುಗಳ ಭಾಷೆಯಲ್ಲಿಯೇ ಜಗಳವನ್ನೂ ಆಡುತ್ತಾರೆ. ಕನ್ನಡ ಬರುವುದಿಲ್ಲವಲ್ಲ ಎಂದು ನಾವು ಗದರಿಸುತ್ತೇವೆ. ಗದರಿಸಿ ಭಾಷೆಯನ್ನು ಕಲಿಸಿದವರುಂಟೆ? ಮಗು ಯಾವುದಕ್ಕೆ ಮನಸೋತಿದೆ ಎಂದು ನಾವು ಒಂದು ಕ್ಷಣ ಪಕ್ಕದಲ್ಲಿ ಕುಳಿತು ನೋಡಬೇಕು. ತನ್ನಂತೆಯೇ ಸಣ್ಣದಾದ, ಏನನ್ನೋ ಬಯಸುವ, ಎಡವುವ, ಅಂಜುವ, ಮತ್ತೆ ಏಳುವ ಜೀವವೊಂದನ್ನು ಅದು ಅಲ್ಲಿ ಕಂಡಿದೆ.

ಅಂಥ ಜೀವಗಳು ನಮ್ಮಲ್ಲಿಲ್ಲವೆ? ಕೊಟ್ಟ ಮಾತಿಗಾಗಿ ಕರುವನ್ನು ಬಿಟ್ಟು ಹುಲಿಯ ಬಾಯಿಗೆ ಮರಳಿ ಹೋದ ಪುಣ್ಯಕೋಟಿಗಿಂತ ದೊಡ್ಡ ಪಾತ್ರವನ್ನು ಯಾವ ದೇಶದ ಚಿತ್ರಕಾರ ಬರೆದಾನು? ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನದವರು ಯಕ್ಷಗಾನದ ಬೊಂಬೆಗಳನ್ನು ದಾರದಿಂದ ಕುಣಿಸುವುದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ದಾರ ಕಣ್ಣಿಗೆ ಕಾಣುತ್ತದೆ; ಆದರೂ ಬೊಂಬೆ ತಲೆ ಬಾಗಿಸಿದಾಗ ನಮ್ಮ ಗಂಟಲು ಕಟ್ಟುತ್ತದೆ. ದೀಪದ ಮುಂದೆ ತೊಗಲುಬೊಂಬೆಯ ಹನುಮಂತ ನೆಗೆದಾಗ ಬಯಲುಸೀಮೆಯ ಹಳ್ಳಿಗಳು ರಾತ್ರಿಯೆಲ್ಲ ಎಚ್ಚರವಿದ್ದವು. ಫಾಲ್ಕೆಯವರು ಕ್ಯಾಮರಾದಿಂದ ಮಾಡಿದ್ದನ್ನು ನಮ್ಮ ಹಿರಿಯರು ದಾರದಿಂದಲೂ ದೀಪದಿಂದಲೂ ಮಾಡಿದ್ದರು.

ಆದಕಾರಣ ಸಂಘದ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮಕ್ಕಳ ಸ್ಪರ್ಧೆಗಳಲ್ಲಿ ಭಾಷಣ, ಛದ್ಮವೇಷಗಳ ಜೊತೆಗೆ ಇದನ್ನೂ ಸೇರಿಸೋಣ. ಮಕ್ಕಳ ಕೈಗೆ ನಾಲ್ಕು ಕಡ್ಡಿ, ಎರಡು ಗುಂಡಿ, ಒಂದು ಹಿಡಿ ಹುಣಸೆಬೀಜ ಕೊಡೋಣ. ಮನೆಯ ಹಿರಿಯರು ಕನ್ನಡದಲ್ಲಿ ಒಂದು ಕಥೆ ಹೇಳಲಿ. ಮಕ್ಕಳು ಅದನ್ನು ಬಿಡಿಬಿಡಿ ಚಿತ್ರಗಳಲ್ಲಿ ನಡೆಸಲಿ. ಅವುಗಳಿಗೆ ಮಾತು ಕೊಡಬೇಕಾದಾಗ ಮಕ್ಕಳು ಅಜ್ಜಿಯ ಬಳಿಗೆ ಬಂದೇ ಬರುತ್ತಾರೆ. ನಮ್ಮ ಮನೆಯಲ್ಲಿ ಅದು ಈಗಾಗಲೇ ಆಗಿದೆ. ಹಿಂದುಳಿದ ಆ ಹತ್ತನೆಯ ಕಡ್ಡಿಗೆ ಹೆಸರಿಡಬೇಕೆಂದು ಹುಡುಗರು ಹಟ ಹಿಡಿದರು. ಅಜ್ಜಿ ಅದಕ್ಕೆ ಪುಟ್ಟ ಎಂದು ಹೆಸರಿಟ್ಟರು. ಅಂದಿನಿಂದ ಅದು ಕನ್ನಡದಲ್ಲಿಯೇ ಮಾತನಾಡುತ್ತಿದೆ.

ಊರು ಬಿಟ್ಟು ಬಂದ ನಾವೆಲ್ಲ ಒಂದರ್ಥದಲ್ಲಿ ಕುಂಡದ ಕಾಳುಗಳೇ. ಬೇರು ಹಿಡಿಯಲು ಮಣ್ಣು ಸ್ವಲ್ಪ, ಬೆಳಕು ಬರುವ ಕಿಟಕಿ ಒಂದು. ತಿಂಗಳುಗಟ್ಟಲೆ ಎದುರಿಗೆ ಕುಳಿತು ಕಾಯುವವರಿದ್ದರೆ ಅಷ್ಟರಲ್ಲಿಯೇ ಬಳ್ಳಿ ಮೇಲೇರುತ್ತದೆ ಎಂಬುದನ್ನು ದಾದರದ ಆ ಮನೆಯಲ್ಲಿ ಫಾಲ್ಕೆ ದಂಪತಿಗಳು ತೋರಿಸಿಕೊಟ್ಟಿದ್ದಾರೆ. ಅವರಿಗೆ ನಮ್ಮ ನಮನಗಳು ಸಲ್ಲಲಿ.